ಇ-ಸೈಕಲ್ ಕೈಕೊಟ್ಟರೆ ಮನೆಯಲ್ಲೇ ಏನೇನು ನೋಡಬಹುದು: ಸಮಗ್ರ ಮಾರ್ಗದರ್ಶಿ

ಇ-ಸೈಕಲ್ ನಿಂತುಹೋದಾಗ ರಿಪೇರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಎರಡೇ. ‘ಕಂಟ್ರೋಲರ್ ಹೋಗಿದೆ ಸರ್’, ಇಲ್ಲದಿದ್ದರೆ ‘ಬ್ಯಾಟರಿ ಹೋಗಿದೆ ಸರ್’. ಎರಡೂ ಜೇಬಿಗೆ ಭಾರ. ಆದರೆ ಬಹಳ ಸಲ ಹೋಗಿರುವುದು ಎರಡೂ ಅಲ್ಲ. ಎಲ್ಲೋ ಒಂದು ಕನೆಕ್ಟರ್ ಸಡಿಲವಾಗಿರುತ್ತದೆ. ಬ್ರೇಕ್ ಲಿವರಿನೊಳಗಿನ ಪುಟ್ಟ ಸ್ವಿಚ್ ಅಂಟಿಕೊಂಡಿರುತ್ತದೆ. ಮಳೆನೀರು ಇಳಿದು ಪಿನ್ನಿಗೆ ಕಿಲುಬು ಹಿಡಿದಿರುತ್ತದೆ. ಇವನ್ನು ಪತ್ತೆ ಮಾಡುವುದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಒಂದು ಮಲ್ಟಿಮೀಟರ್ ಬೇಕು, ಸ್ವಲ್ಪ ತಾಳ್ಮೆ ಬೇಕು, ಮತ್ತು ಒಂದು ಕ್ರಮ ಬೇಕು. ಕ್ರಮ ಬಿಟ್ಟು ಕಂಡಕಂಡ ವೈರ್ ಎಳೆದರೆ ಇಲ್ಲದ ತೊಂದರೆಯೂ ಸೇರಿಕೊಳ್ಳುತ್ತದೆ.

ಇಲ್ಲಿ ಹೇಳುತ್ತಿರುವುದು ನಮ್ಮಲ್ಲಿ ಹೆಚ್ಚು ಓಡಾಡುವ ಮಾದರಿಯ ಬಗ್ಗೆ: 36 ವೋಲ್ಟ್ ಲಿಥಿಯಂ ಬ್ಯಾಟರಿ, ಹಿಂದಿನ ಚಕ್ರದ ನಡುವೆ ಕೂತ 250 ವ್ಯಾಟ್ ಹಬ್ ಮೋಟರ್, ಹ್ಯಾಂಡಲ್ ಮೇಲೆ ಸಣ್ಣ ಡಿಸ್‌ಪ್ಲೇ, ಪೆಡಲ್ ಅಸಿಸ್ಟ್ (ತುಳಿಯುವಾಗ ಮೋಟರ್ ನೆರವಾಗುವುದು), ಜೊತೆಗೆ ಕೈಯಿಂದ ತಿರುಗಿಸಿ ಓಡಿಸುವ ಒಂದು ಥ್ರಾಟಲ್. ರಿಜಿಸ್ಟ್ರೇಷನ್, ಲೈಸೆನ್ಸ್ ಬೇಡದ ಕಡಿಮೆ ವೇಗದ ಇ-ಸ್ಕೂಟರ್‌ಗಳಲ್ಲೂ ತತ್ವ ಇದೇ. ಅಲ್ಲಿ ವೋಲ್ಟೇಜ್ ಜಾಸ್ತಿ, ಕವರ್‌ಗಳು ಜಾಸ್ತಿ, ಅಷ್ಟೇ.

ಮೊದಲು ಒಳಗಿನ ಲೆಕ್ಕಾಚಾರ

ಬ್ಯಾಟರಿ ಕರೆಂಟ್ ಕೊಡುತ್ತದೆ, ಮೋಟರ್ ತಿರುಗುತ್ತದೆ. ನಡುವೆ ಕೂತು ಎಷ್ಟು ಕರೆಂಟ್, ಯಾವಾಗ ಎಂದು ತೀರ್ಮಾನಿಸುವುದು ಕಂಟ್ರೋಲರ್. ಅದಕ್ಕೆ ನಾಲ್ಕು ಕಡೆಯಿಂದ ಸುದ್ದಿ ಬರುತ್ತಿರುತ್ತದೆ: ಥ್ರಾಟಲ್, ಪೆಡಲ್ ಹತ್ತಿರದ ಸೆನ್ಸರ್, ಎರಡು ಬ್ರೇಕ್ ಲಿವರ್, ಮತ್ತು ಮೋಟರ್ ಯಾವ ಸ್ಥಾನದಲ್ಲಿದೆ ಎಂದು ಹೇಳುವ, ಅದರೊಳಗಿನ ಹಾಲ್ ಸೆನ್ಸರ್‌ಗಳು. ಇವುಗಳಲ್ಲಿ ಒಂದು ‘ಬೇಡ’ ಎಂದರೂ ಕಂಟ್ರೋಲರ್ ಸುಮ್ಮನೆ ಕೂರುತ್ತದೆ. ಅದು ಕೆಟ್ಟಿದೆ ಅಂತಲ್ಲ, ಹೇಳಿದ ಮಾತು ಕೇಳುತ್ತಿದೆ. ಹಾಗಾಗಿ ನಮ್ಮ ಹುಡುಕಾಟ ಅಂದರೆ ‘ಬೇಡ’ ಎನ್ನುತ್ತಿರುವುದು ಯಾರು ಎಂದು ಕಂಡುಹಿಡಿಯುವುದು.

ಬೇಕಾದ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಒಂದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ ಸಿಗುವ ಅಗ್ಗದ್ದೇ ಸಾಕು. ಅಲೆನ್ ಕೀ ಸೆಟ್, ಹಿಂದಿನ ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್ (ಸಾಮಾನ್ಯವಾಗಿ 18 ಅಥವಾ 19), ಸ್ಕ್ರೂಡ್ರೈವರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಹಳೆಯ ಟೂತ್‌ಬ್ರಷ್, ಒಂದಷ್ಟು ಕೇಬಲ್ ಟೈ. ಮೊಬೈಲ್ ಅಂತೂ ಕೈಯಲ್ಲೇ ಇರುತ್ತದೆ. ಯಾವುದೇ ಕನೆಕ್ಟರ್ ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ವೈರ್ ಬಣ್ಣಗಳು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತವೆ. ಸಂಜೆ ಹೊತ್ತಿಗೆ ಯಾವುದು ಎಲ್ಲಿತ್ತು ಅನ್ನುವುದು ನೆನಪಿರುವುದಿಲ್ಲ.

ಎರಡು ನಿಯಮ. ಕನೆಕ್ಟರ್ ತೆಗೆಯುವಾಗ, ಹಾಕುವಾಗ ಬ್ಯಾಟರಿ ಹೊರಗಿರಲಿ. ಬ್ಯಾಟರಿ ತೆಗೆದ ಮೇಲೂ ಕಂಟ್ರೋಲರಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ, ಡಿಸ್‌ಪ್ಲೇಯ ಪವರ್ ಬಟನ್ ಒತ್ತಿ ಹಿಡಿದು ಅದನ್ನು ಖಾಲಿ ಮಾಡಿ. ಎರಡನೆಯದು, ಬ್ಯಾಟರಿಯ ಪ್ಲಸ್ ಮತ್ತು ಮೈನಸ್‌ಗೆ ಒಂದೇ ಲೋಹ ತಾಗದಂತೆ ನೋಡಿಕೊಳ್ಳಿ. ಉಂಗುರ, ಕಡಗ, ವಾಚ್ ತೆಗೆದಿಟ್ಟೇ ಕೆಲಸಕ್ಕೆ ಕೂರಿ.

ಏನೂ ಆನ್ ಆಗುತ್ತಿಲ್ಲ, ಡಿಸ್‌ಪ್ಲೇಯೂ ಕಪ್ಪು

ಬ್ಯಾಟರಿಯಿಂದ ಶುರು ಮಾಡಿ. ಕೀ ಇದ್ದರೆ ಆನ್ ಕಡೆಗೆ ತಿರುಗಿಸಿ. ಬ್ಯಾಟರಿಯ ಮೇಲೇ ಒಂದು ಪುಟ್ಟ ಸ್ವಿಚ್ ಇದ್ದರೆ ಅದನ್ನೂ ನೋಡಿ. ಸರ್ವಿಸ್‌ಗೆ ಹೋದ ಎಷ್ಟೋ ಸೈಕಲ್‌ಗಳ ‘ರಿಪೇರಿ’ ಈ ಸ್ವಿಚ್ಚೇ ಆಗಿರುತ್ತದೆ, ನಗಬೇಡಿ.

ಈಗ ಮಲ್ಟಿಮೀಟರನ್ನು ಡಿಸಿ 200 ವೋಲ್ಟಿಗೆ ಇಟ್ಟು ಬ್ಯಾಟರಿಯ ಔಟ್‌ಪುಟ್ ಟರ್ಮಿನಲ್‌ಗಳಲ್ಲಿ ಅಳೆಯಿರಿ. 36 ವೋಲ್ಟ್ ಎಂದು ಬರೆದಿರುವ ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ 10 ಸೆಲ್ ಸಾಲುಗಳು ಸರಣಿಯಲ್ಲಿರುತ್ತವೆ. ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್. 38ರ ಹತ್ತಿರ ಇದ್ದರೆ ಅರ್ಧದಷ್ಟು. ಮೀಟರಿನಲ್ಲಿ 36 ಕಂಡರೆ ‘ಫುಲ್ ಇದೆ’ ಅಂದುಕೊಳ್ಳಬೇಡಿ, ಹೆಚ್ಚುಕಡಿಮೆ ಕಾಲು ಭಾಗವೇ ಉಳಿದಿರುತ್ತದೆ. 30-31ಕ್ಕೆ ಇಳಿದಾಗ ವ್ಯವಸ್ಥೆಯೇ ಕಡಿದುಕೊಳ್ಳುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗೆ ಲೆಕ್ಕ ಬೇರೆ. ಅನುಮಾನ ಇದ್ದರೆ ಚಾರ್ಜರಿನ ಚೀಟಿ ನೋಡಿ. ಅಲ್ಲಿ ಬರೆದಿರುವ ಔಟ್‌ಪುಟ್ ವೋಲ್ಟೇಜೇ ನಿಮ್ಮ ಬ್ಯಾಟರಿಯ ಫುಲ್ ಚಾರ್ಜ್ ಮಟ್ಟ.

ಮೀಟರ್ ಸೊನ್ನೆ ತೋರಿಸಿದರೆ ಬ್ಯಾಟರಿ ಸತ್ತಿದೆ ಎಂದೇನಿಲ್ಲ. ಫ್ಯೂಸ್ ಇದ್ದರೆ ತೆಗೆದು ಕಂಟಿನ್ಯೂಟಿ, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ಕರೆಂಟ್ ಹರಿಯುತ್ತದೆಯೇ ಎಂದು, ಮೀಟರಿನಲ್ಲಿ ನೋಡಿ. ಹೋಗಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ತಂತಿ ಸುತ್ತಿ ಕೂಡಿಸುವ ಚಾಳಿ ಬೇಡ. ಫ್ಯೂಸ್ ಸರಿ ಇದ್ದರೆ ಹತ್ತು ನಿಮಿಷ ಚಾರ್ಜರ್ ಹಾಕಿಡಿ. ಒಳಗಿರುವ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಬೋರ್ಡ್, ತೀರಾ ಖಾಲಿಯಾದಾಗ ಔಟ್‌ಪುಟ್ ಬಂದ್ ಮಾಡಿ ಮಲಗಿರುತ್ತದೆ, ಚಾರ್ಜರ್ ತಾಗಿದರೆ ಏಳುತ್ತದೆ.

ಚಾರ್ಜ್ ಆಗುತ್ತಲೇ ಇಲ್ಲವೇ? ಚಾರ್ಜರನ್ನು ಗೋಡೆಗೆ ಮಾತ್ರ ಸಿಕ್ಕಿಸಿ ಅದರ ಪಿನ್ನಿನಲ್ಲಿ ಅಳೆಯಿರಿ. 42ರ ಆಸುಪಾಸು ಬರಬೇಕು. ಬರದಿದ್ದರೆ ಹೋಗಿರುವುದು ಚಾರ್ಜರ್, ಬ್ಯಾಟರಿ ಅಲ್ಲ. ಕೆಲವು ಚಾರ್ಜರ್‌ಗಳು ಮಾತ್ರ ಬ್ಯಾಟರಿ ತಾಗುವವರೆಗೆ ಏನೂ ಹೊರಬಿಡುವುದಿಲ್ಲ. ಬಿಸಾಡುವ ಮೊದಲು ಅದೇ ಮಾದರಿಯ ಇನ್ನೊಂದರಲ್ಲಿ ಪರೀಕ್ಷಿಸಿ. ಲೆಡ್ ಆಸಿಡ್ ಬ್ಯಾಟರಿಯ ಚಾರ್ಜರನ್ನು, ಪಿನ್ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ, ಲಿಥಿಯಂಗೆ ಹಾಕಲೇಬೇಡಿ.

ಬ್ಯಾಟರಿಯಲ್ಲಿ ವೋಲ್ಟೇಜ್ ಇದೆ, ಆದರೂ ಡಿಸ್‌ಪ್ಲೇ ಕಪ್ಪು. ಹಾಗಿದ್ದರೆ ಬ್ಯಾಟರಿ ಕೂರುವ ತೊಟ್ಟಿಲಿನ ತಾಮ್ರದ ತುಟಿಗಳನ್ನು ನೋಡಿ. ನಮ್ಮ ಹಂಪ್‌ಗಳ ಮೇಲೆ ಹಾರಿ ಹಾರಿ ಅವು ಸಡಿಲವಾಗಿರುತ್ತವೆ, ಕಿಡಿ ಹಾರಿ ಕಪ್ಪಾಗಿರುತ್ತವೆ. ಸ್ವಚ್ಛ ಮಾಡಿ. ಆಮೇಲೆ ಡಿಸ್‌ಪ್ಲೇಯಿಂದ ಇಳಿಯುವ ಕೇಬಲ್. ಹ್ಯಾಂಡಲ್ ಪ್ರತಿ ಸಲ ತಿರುಗಿದಾಗ ಮಡಚಿಕೊಳ್ಳುವುದು ಅದೇ ಜಾಗ. ಹ್ಯಾಂಡಲನ್ನು ನಿಧಾನ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಪವರ್ ಒತ್ತಿ. ಒಂದು ಕೋನದಲ್ಲಿ ಮಾತ್ರ ಬೆಳಕು ಬಂದರೆ ಕಳ್ಳ ಸಿಕ್ಕಂತೆ.

ಡಿಸ್‌ಪ್ಲೇ ಆನ್, ಮೋಟರ್ ಮಾತ್ರ ಓಡುತ್ತಿಲ್ಲ

ಇದೇ ಅತಿ ಸಾಮಾನ್ಯ ದೂರು. ಡಿಸ್‌ಪ್ಲೇಯಲ್ಲಿ ಎರರ್ ನಂಬರ್ ಇದ್ದರೆ ನಿಮ್ಮದೇ ಸೈಕಲ್ಲಿನ ಪುಸ್ತಕ ನೋಡಿ. ಒಬ್ಬರ ಡಿಸ್‌ಪ್ಲೇಯಲ್ಲಿ ಬ್ರೇಕ್ ಅನ್ನುವ ನಂಬರ್ ಇನ್ನೊಬ್ಬರದರಲ್ಲಿ ಮೋಟರ್ ಆಗಿರಬಹುದು.

ನಾನಂತೂ ಮೊದಲು ಕೈ ಹಾಕುವುದು ಬ್ರೇಕ್ ಲಿವರಿಗೆ. ಬ್ರೇಕ್ ಹಿಡಿದ ಕೂಡಲೇ ಮೋಟರ್ ನಿಲ್ಲಲಿ ಎಂದು ಲಿವರಿನಲ್ಲಿ ಒಂದು ಸ್ವಿಚ್ ಇಟ್ಟಿರುತ್ತಾರೆ. ಲಿವರ್ ಪೂರ್ತಿ ವಾಪಸ್ ಬರದಿದ್ದರೆ ಕಂಟ್ರೋಲರಿಗೆ ನೀವಿನ್ನೂ ಬ್ರೇಕ್ ಹಿಡಿದೇ ಇದ್ದೀರಿ. ಲಿವರನ್ನು ಒತ್ತಿ ಬಿಡಿ. ಎಲ್ಲಿ ನಿಂತಿತು ನೋಡಿ. ಈಗ ಬೆರಳ ತುದಿಯಿಂದ ಹೊರಕ್ಕೆ ತಳ್ಳಿ. ಒಂದೆರಡು ಮಿಲಿಮೀಟರ್ ಜರುಗಿ ‘ಟಿಕ್’ ಎಂದು ಸಣ್ಣ ಸದ್ದು ಬಂತಾ? ಡಿಸ್‌ಪ್ಲೇಯಲ್ಲಿದ್ದ ಬ್ರೇಕ್ ಗುರುತು ಆರಿಹೋಯಿತಾ? ಹಾಗಿದ್ದರೆ ಮೋಟರ್, ಕಂಟ್ರೋಲರ್ ಎರಡಕ್ಕೂ ಏನೂ ಆಗಿಲ್ಲ. ಲಿವರಿನ ಪಿವಟ್‌ನಲ್ಲಿ ದೂಳು ಕೂತಿದೆ, ಇಲ್ಲವೇ ಕೇಬಲ್ ತುಕ್ಕು ಹಿಡಿದು ಜಿಗುಟಾಗಿದೆ. ಪಿವಟ್ ಒರೆಸಿ, ಒಂದು ತೊಟ್ಟು ಎಣ್ಣೆ ಬಿಡಿ. ಕೇಬಲ್ ಹಳೆಯದಾಗಿದ್ದರೆ ಬದಲಾಯಿಸಿ.

ಲಿವರ್ ಚೆನ್ನಾಗಿಯೇ ಓಡಾಡುತ್ತಿದ್ದರೆ, ಬ್ಯಾಟರಿ ತೆಗೆದು ಎರಡೂ ಬ್ರೇಕ್ ಸ್ವಿಚ್‌ಗಳ ಕನೆಕ್ಟರ್ ಬಿಡಿಸಿ, ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಬ್ಯಾಟರಿ ಹಾಕಿ ಮತ್ತೆ ಆನ್ ಮಾಡಿ. ಬಹುಪಾಲು ಸೈಕಲ್‌ಗಳಲ್ಲಿ ಸ್ವಿಚ್ ಬಿಡಿಸಿದರೆ ‘ಬ್ರೇಕ್ ಹಿಡಿದಿಲ್ಲ’ ಎಂದೇ ಅರ್ಥ. ಮೋಟರ್ ಓಡಿತೇ? ಒಂದೊಂದಾಗಿ ವಾಪಸ್ ಹಾಕಿ, ಯಾವುದು ಹಾಕಿದಾಗ ನಿಲ್ಲುತ್ತದೋ ಅದೇ ಲಿವರ್ ಬದಲಿಸಿ. ಬಿಡಿಸಿಟ್ಟೇ ಓಡಿಸುವವರಿದ್ದಾರೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮೋಟರ್ ಮುಂದಕ್ಕೆ ತಳ್ಳಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಬ್ರೇಕ್ ನಿರಪರಾಧಿಯಾದರೆ ಥ್ರಾಟಲ್. ಪೆಡಲ್ ಮಾಡಿದರೆ ಮೋಟರ್ ಬರುತ್ತದೆ, ಥ್ರಾಟಲ್ ತಿರುಗಿಸಿದರೆ ಬರುವುದಿಲ್ಲ ಎಂದಾದರೆ ತಪ್ಪು ಥ್ರಾಟಲ್ಲಿನದೇ. ಅದರಲ್ಲಿ ಮೂರು ವೈರ್: ಒಂದರಲ್ಲಿ 5 ವೋಲ್ಟಿನ ಆಸುಪಾಸು, ಒಂದು ಗ್ರೌಂಡ್, ಮೂರನೆಯದು ಸಿಗ್ನಲ್. ಆನ್ ಇರುವಾಗ ಗ್ರೌಂಡ್ ಮತ್ತು ಸಿಗ್ನಲ್ ನಡುವೆ ಅಳೆದರೆ ಬಿಟ್ಟಾಗ 0.8-0.9 ವೋಲ್ಟ್, ಪೂರ್ತಿ ತಿರುಗಿಸಿದಾಗ 3.6ರಿಂದ 4.2 ವೋಲ್ಟ್ ಬರಬೇಕು. 5 ವೋಲ್ಟ್ ಬರುತ್ತಿದೆ, ಸಿಗ್ನಲ್ ಏರುತ್ತಿಲ್ಲ ಎಂದರೆ ಥ್ರಾಟಲ್ ಹೊಸದು ಹಾಕಿ, ದುಬಾರಿಯಲ್ಲ. ಬಿಟ್ಟಾಗಲೂ ಸಿಗ್ನಲ್ ಮೇಲೆಯೇ ಇದ್ದರೆ ಬಹಳ ಕಂಟ್ರೋಲರ್‌ಗಳು ಮೋಟರನ್ನು ಶುರು ಮಾಡಲು ಒಪ್ಪುವುದೇ ಇಲ್ಲ, ಅದು ಸುರಕ್ಷತೆಗೆ.

ಇದಕ್ಕೆ ಉಲ್ಟಾ, ಥ್ರಾಟಲ್ ಓಡುತ್ತದೆ, ಪೆಡಲ್ ಅಸಿಸ್ಟ್ ಇಲ್ಲ ಎಂದರೆ ಪೆಡಲ್ ಬುಡಕ್ಕೆ ಬಗ್ಗಿ ನೋಡಿ. ಅಲ್ಲಿ ಮ್ಯಾಗ್ನೆಟ್ ಕೂರಿಸಿದ ಪ್ಲಾಸ್ಟಿಕ್ ಬಿಲ್ಲೆ, ಅದರ ಎದುರು ಸೆನ್ಸರ್. ನಡುವೆ ಎರಡು-ಮೂರು ಮಿಲಿಮೀಟರಿಗಿಂತ ಜಾಸ್ತಿ ಅಂತರ ಇರಬಾರದು. ಕೆಸರು ಮೆತ್ತಿಕೊಂಡಿದ್ದರೆ, ಬಿಲ್ಲೆ ಜಾರಿದ್ದರೆ ಸರಿಮಾಡಿ.

ಮೋಟರ್ ಗಡಗಡ ಎನ್ನುತ್ತದೆ, ಜರ್ಕ್ ಹೊಡೆಯುತ್ತದೆ

ತಿರುಗಲು ಯತ್ನಿಸಿ ನಡುಗಿ ನಿಲ್ಲುವುದು, ಕಾಲಿನಿಂದ ತಳ್ಳಿದರೆ ಮಾತ್ರ ಓಡುವುದು: ಇವು ಹಾಲ್ ಸೆನ್ಸರ್ ಅಥವಾ ಫೇಸ್ ವೈರಿನ ಲಕ್ಷಣ. ಮೋಟರಿಗೆ ಮೂರು ದಪ್ಪ ಫೇಸ್ ವೈರ್‌ಗಳು (ಸಾಮಾನ್ಯವಾಗಿ ಹಳದಿ, ಹಸಿರು, ನೀಲಿ), ಅದರ ಜೊತೆ ಸಣ್ಣ ಹಾಲ್ ವೈರ್‌ಗಳು. ಈಗಿನ ಸೈಕಲ್‌ಗಳಲ್ಲಿ ಇವೆಲ್ಲ ಸೇರಿ ಹಿಂದಿನ ಚಕ್ರದ ಹತ್ತಿರ ಒಂದೇ ದುಂಡನೆಯ ವಾಟರ್‌ಪ್ರೂಫ್ ಕನೆಕ್ಟರಿನಲ್ಲಿ ಬರುತ್ತವೆ. ಮೊದಲು ಅದನ್ನೇ ತೆಗೆದು ನೋಡಿ. ನೇರವಾಗಿ ಎಳೆಯಬೇಕು, ತಿರುಚಿದರೆ ಪಿನ್ ಬಾಗುತ್ತದೆ. ಬೆಳಕಿಗೆ ಹಿಡಿಯಿರಿ. ಒಂದು ಪಿನ್ ಮಂಕಾಗಿ, ಬುಡದಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಿದ ಮೇಲೆ ಎರಡೂ ಬದಿಯ ಬಾಣದ ಗುರುತು ಎದುರುಬದುರು ಮಾಡಿ ಒತ್ತಿ. ಗೆರೆಯವರೆಗೆ ಒಳಗೆ ಹೋಗಬೇಕು. ಅರ್ಧಕ್ಕೇ ನಿಂತ ಕನೆಕ್ಟರ್ ಒಂದು ದಿನ ಓಡುತ್ತದೆ, ಮಾರನೇ ದಿನ ಕೈಕೊಡುತ್ತದೆ.

ಆಮೇಲೂ ಹಾಗೇ ಇದ್ದರೆ ಒಂದು ಸರಳ ಪರೀಕ್ಷೆ ಇದೆ, ಮೀಟರೂ ಬೇಡ. ಬ್ಯಾಟರಿ ತೆಗೆದು, ಚಕ್ರ ಎತ್ತಿ, ಕೈಯಿಂದ ಹಿಂದಕ್ಕೆ ತಿರುಗಿಸಿ. ಹಿಂದಕ್ಕೇ ಯಾಕೆ ಅಂದರೆ, ಗೇರ್ ಇರುವ ಹಬ್ ಮೋಟರಿನಲ್ಲಿ ಕ್ಲಚ್ ಇರುತ್ತದೆ. ಮುಂದಕ್ಕೆ ತಿರುಗಿಸಿದರೆ ಬರಿ ಚಕ್ರ ತಿರುಗುತ್ತದೆ, ಮೋಟರ್ ಅಲ್ಲ. ಹಿಂದಕ್ಕೆ ತಿರುಗಿಸಿದಾಗ ತಡೆತಡೆದು, ಕಟಕಟ ಎಂದು ಬಿಗಿಯಾಗಿದ್ದರೆ ಮೋಟರ್ ಕನೆಕ್ಟರ್ ಬಿಡಿಸಿ ಮತ್ತೆ ತಿರುಗಿಸಿ. ಈಗ ಸಲೀಸಾದರೆ ಕಂಟ್ರೋಲರಿನ ಮಾಸ್‌ಫೆಟ್ (ಮೋಟರಿಗೆ ಕರೆಂಟ್ ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆಗಿದೆ, ಆಗ ಅಂಗಡಿಯವರು ಹೇಳಿದ್ದು ನಿಜ. ಬಿಡಿಸಿದ ಮೇಲೂ ಅಷ್ಟೇ ಬಿಗಿ ಇದ್ದರೆ ಮೋಟರ್ ಕೇಬಲ್ಲಿನಲ್ಲಿ, ಅದೂ ಆಕ್ಸಲ್‌ನಿಂದ ಹೊರಬರುವ ತಿರುವಿನಲ್ಲಿ, ವೈರ್‌ಗಳು ಒಂದಕ್ಕೊಂದು ತಾಗಿರುವ ಸಾಧ್ಯತೆ ಹೆಚ್ಚು.

ಹಾಲ್ ಸೆನ್ಸರ್ ಅಳೆಯಬೇಕಾದರೆ ಕಂಟ್ರೋಲರ್ ಡಬ್ಬಿಯ ಬಳಿಯ ಕನೆಕ್ಟರಿನ ಹಿಂದಿನಿಂದ ಮೀಟರ್ ಕಡ್ಡಿ ತಾಗಿಸಬೇಕು. ದುಂಡನೆಯ ಕನೆಕ್ಟರಿನಲ್ಲಿ ಹೊರಗಿಂದ ಆಗುವುದಿಲ್ಲ. ಪವರ್ ಆನ್ ಇಟ್ಟು, ಗ್ರೌಂಡಿಗೆ ಕಪ್ಪು ಕಡ್ಡಿ, ಒಂದೊಂದು ಹಾಲ್ ವೈರಿಗೆ ಕೆಂಪು ಕಡ್ಡಿ ಹಿಡಿದು ಚಕ್ರವನ್ನು ನಿಧಾನ ಹಿಂದಕ್ಕೆ ತಿರುಗಿಸಿ. ಸೊನ್ನೆ ಹತ್ತಿರದಿಂದ 5 ಹತ್ತಿರಕ್ಕೆ, ಮತ್ತೆ ಸೊನ್ನೆಗೆ ಬದಲಾಗುತ್ತಿರಬೇಕು. ಮೂರರಲ್ಲಿ ಒಂದು ಅಲ್ಲಾಡದೆ ಕೂತಿದ್ದರೆ ಆ ಸೆನ್ಸರ್ ಹೋಗಿದೆ. ಮೋಟರ್ ಬಿಚ್ಚಿ ಅದನ್ನು ಬೆಸುಗೆ ಹಾಕುವ ಕೆಲಸ ನುರಿತವರಿಗೆ ಬಿಡಿ.

ದಾರಿ ಮಧ್ಯೆ ಆಫ್ ಆಗುತ್ತದೆ, ಮೈಲೇಜ್ ಬರುತ್ತಿಲ್ಲ

ಚಾರ್ಜರ್ ಹಸಿರು ದೀಪ ತೋರಿಸಿದೆ, ಹತ್ತಿಪ್ಪತ್ತು ನಿಮಿಷ ಓಡಿ ಏರಿನಲ್ಲಿ ಫಟ್ ಎಂದು ಆಫ್. ಸ್ವಲ್ಪ ನಿಂತು ಆನ್ ಮಾಡಿದರೆ ಮತ್ತೆ ಓಡುತ್ತದೆ. ಭಾರ ಬಿದ್ದಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತಿದೆ ಎಂದು ಅರ್ಥ. ವೋಲ್ಟೇಜ್ ತೋರಿಸುವ ಡಿಸ್‌ಪ್ಲೇ ಇದ್ದರೆ ಏರಿನಲ್ಲಿ ಗಮನಿಸಿ. ಮೂರು ವೋಲ್ಟಿನಷ್ಟು ಕಡಿಮೆಯಾದರೆ ಚಿಂತೆಯಿಲ್ಲ. 39 ಇದ್ದದ್ದು ಏಕಾಏಕಿ 31ಕ್ಕೆ ಬಿದ್ದರೆ ಒಂದು ಸಾಲು ಸೆಲ್ ದುರ್ಬಲವಾಗಿದೆ, ಅಥವಾ ಎಲ್ಲೋ ಕನೆಕ್ಷನ್ ಸುಡುತ್ತಿದೆ. ಸವಾರಿ ಮುಗಿದ ಕೂಡಲೇ ಕನೆಕ್ಟರ್‌ಗಳನ್ನು ಹೊರಗಿನಿಂದ ಮುಟ್ಟಿ ನೋಡಿ, ಬಿಸಿಯಾಗಿರುವುದೇ ಸುಡುತ್ತಿರುವುದು.

ಇದಕ್ಕೂ ಮೊದಲು ಒಂದು ಪ್ರಯೋಗ ಮಾಡಿ. ಹಸಿರು ದೀಪ ಬಂದ ಮೇಲೂ ಇನ್ನೊಂದೆರಡು ಗಂಟೆ, ನೀವು ಎಚ್ಚರವಾಗಿ ಹತ್ತಿರ ಇರುವಾಗ, ಚಾರ್ಜರಿನಲ್ಲೇ ಬಿಡಿ. ಬಹಳಷ್ಟು ಬಿಎಂಎಸ್‌ಗಳು ಸೆಲ್‌ಗಳನ್ನು ಸಮ ಮಾಡುವುದು ಆ ಕೊನೆಯ ಹಂತದಲ್ಲೇ. ಕೆಲವು ಸಲ ಇಷ್ಟರಲ್ಲೇ ಮೈಲೇಜ್ ಸುಧಾರಿಸುತ್ತದೆ.

ಮೈಲೇಜ್ ಬಗ್ಗೆ ನಿರೀಕ್ಷೆಯೂ ನೆಲದ ಮೇಲಿರಲಿ. 36 ವೋಲ್ಟ್, 7.8 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಸುಮಾರು 280 ವ್ಯಾಟ್-ಅವರ್. ಪೆಡಲ್ ಮಾಡದೆ ಥ್ರಾಟಲ್ಲಿನಲ್ಲೇ ಹೋದರೆ ಕಿಲೋಮೀಟರಿಗೆ 12ರಿಂದ 15 ವ್ಯಾಟ್-ಅವರ್ ತಿನ್ನುತ್ತದೆ. ಅಲ್ಲಿಗೆ 20 ಕಿಲೋಮೀಟರ್ ಚಿಲ್ಲರೆ. ಜಾಹೀರಾತಿನ ಅಂಕಿ ಸಮತಟ್ಟು ರಸ್ತೆಯಲ್ಲಿ ತುಳಿದುಕೊಂಡು ಹೋದವರದ್ದು. ಇನ್ನು ಟೈರ್‌ನಲ್ಲಿ ಗಾಳಿ ಕಡಿಮೆ ಇದ್ದರೆ, ಡಿಸ್ಕಿಗೆ ಪ್ಯಾಡ್ ಉಜ್ಜುತ್ತಿದ್ದರೆ ಬ್ಯಾಟರಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಗಾಳಿಯ ಮಟ್ಟ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ.

ಬ್ಯಾಟರಿ ಸಾಕುವುದು

ಸೈಕಲ್ಲಿನಲ್ಲಿ ಅತಿ ದುಬಾರಿ ಭಾಗ ಇದು, ಸಿಟ್ಟು ಬಂದರೆ ಅಪಾಯಕಾರಿಯೂ ಹೌದು. ಇದರ ಶತ್ರು ಶಾಖ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಬ್ಯಾಟರಿ ಮುಟ್ಟಿದರೆ ಗೊತ್ತಾಗುತ್ತದೆ. ಅದನ್ನು ಹಾಗೇ ತಂದು ಚಾರ್ಜಿಗೆ ಹಾಕಬೇಡಿ. 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜ್ ಮಾಡುವುದು ಲಿಥಿಯಂ ಸೆಲ್‌ಗೆ ಒಗ್ಗದು. ನೆರಳಲ್ಲಿ ಅರ್ಧ-ಮುಕ್ಕಾಲು ಗಂಟೆ ತಣಿಯಲು ಬಿಟ್ಟು ಆಮೇಲೆ ಹಾಕಿ.

ದಿನಾ 100 ಶೇಕಡ ತುಂಬಿಸಬೇಕಿಲ್ಲ. ಆಫೀಸಿಗೆ ಹೋಗಿ ಬರಲು 80-90 ಸಾಕಾದರೆ ಅಷ್ಟಕ್ಕೆ ತೆಗೆಯಿರಿ. ತಿಂಗಳಿಗೊಮ್ಮೆ ಫುಲ್ ಮಾಡಿ. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಅರ್ಧ ಚಾರ್ಜ್, ಅಂದರೆ 38 ವೋಲ್ಟ್ ಹತ್ತಿರ ಇಟ್ಟು, ಸೈಕಲ್ಲಿನಿಂದ ತೆಗೆದು ತಂಪು ಜಾಗದಲ್ಲಿಡಿ. ಸೈಕಲ್ಲಿನಲ್ಲೇ ಬಿಟ್ಟರೆ ಸ್ವಿಚ್ ಆಫ್ ಇದ್ದರೂ ಹನಿಹನಿಯಾಗಿ ಕರೆಂಟ್ ಸೋರಿ, ವಾಪಸ್ ಬರುವಷ್ಟರಲ್ಲಿ ಪೂರ್ತಿ ಬತ್ತಿರಬಹುದು.

ಹಾಗೆ ಬತ್ತಿ 25 ವೋಲ್ಟಿಗಿಂತ ಕೆಳಗಿಳಿದ 36 ವೋಲ್ಟ್ ಬ್ಯಾಟರಿಗೆ ನೇರ ಕರೆಂಟ್ ಕೊಟ್ಟು ಎಬ್ಬಿಸುವ ವಿಡಿಯೋಗಳು ಬೇಕಾದಷ್ಟಿವೆ. ಅಷ್ಟು ಕೆಳಗಿಳಿದ ಸೆಲ್‌ನೊಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು. ಎದ್ದ ಬ್ಯಾಟರಿ ಮುಂದೊಂದು ರಾತ್ರಿ ಹೊತ್ತಿಕೊಂಡರೆ ವಿಡಿಯೋ ಮಾಡಿದವರು ಬರುವುದಿಲ್ಲ. ಉಬ್ಬಿದ, ಸಿಹಿಯಾದ ಕೆಮಿಕಲ್ ವಾಸನೆ ಬರುವ, ನೀರಿನಲ್ಲಿ ಮುಳುಗಿದ, ಬಿದ್ದು ಬಿರಿದ ಬ್ಯಾಟರಿಗೆ ಚಾರ್ಜರ್ ತಾಗಿಸಲೇಬೇಡಿ. ಮನೆಯಿಂದ ಹೊರಗೆ, ಉರಿಯುವ ವಸ್ತು ಇಲ್ಲದ ಕಡೆ ಇಡಿ. ಚೆನ್ನಾಗಿರುವ ಬ್ಯಾಟರಿಯನ್ನೂ ಅಪಾರ್ಟ್‌ಮೆಂಟಿನ ಒಂದೇ ಬಾಗಿಲಿನ ಪಕ್ಕ, ಮೆಟ್ಟಿಲ ಬುಡದಲ್ಲಿ, ಎಲ್ಲರೂ ಮಲಗಿದ ಮೇಲೆ ಚಾರ್ಜಿಗಿಡಬೇಡಿ. ಬೆಂಕಿ ಬಿದ್ದರೆ ಓಡಬೇಕಾದ ದಾರಿ ಅದೇ.

ಮಳೆ ಮತ್ತು ತೊಳೆಯುವುದು

ಸಾಮಾನ್ಯ ಮಳೆ ಈ ಸೈಕಲ್‌ಗಳು ತಡೆದುಕೊಳ್ಳುತ್ತವೆ. ತಡೆಯದಿರುವುದು ಪ್ರೆಷರ್ ವಾಷರ್ ಮತ್ತು ಹಬ್ ಮುಳುಗುವಷ್ಟು ನೀರು. ಬಕೆಟ್ಟು, ಒದ್ದೆ ಬಟ್ಟೆ ಸಾಕು. ಕರಾವಳಿ, ಮಲೆನಾಡಿನವರು ಜೂನ್ ಬರುವ ಮೊದಲೇ ಕನೆಕ್ಟರ್‌ಗಳ ರಬ್ಬರ್ ಅಂಚಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ ಗ್ರೀಸ್) ತೆಳುವಾಗಿ ಸವರಿಡಿ. ಮೋಟರ್ ಕೇಬಲ್ ಆಕ್ಸಲ್‌ಗೆ ಹೋಗುವ ಮೊದಲು ಕೆಳಕ್ಕೆ ಜೋತು ಆಮೇಲೆ ಮೇಲಕ್ಕೆ ಹೋಗುವಂತೆ ಕೇಬಲ್ ಟೈ ಹಾಕಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಮೋಟರಿನೊಳಗೆ ಹರಿಯುವುದಿಲ್ಲ. ಕಂಟ್ರೋಲರ್ ಒದ್ದೆಯಾದರೆ ಬ್ಯಾಟರಿ ತೆಗೆದು, ಡಬ್ಬಿ ತೆರೆದು, ಫ್ಯಾನ್ ಕೆಳಗೆ ಒಂದೆರಡು ದಿನ ಬಿಡಿ. ಒಣಗಿತೇ ಎಂದು ನಡುವೆ ಆನ್ ಮಾಡಿ ನೋಡುವ ಆತುರವೇ ಅದನ್ನು ಸುಡುತ್ತದೆ.

ಸೈಕಲ್ ಭಾಗಗಳು

ಇದು ಸಾಮಾನ್ಯ ಸೈಕಲ್ಲಿನಂತೆಯೇ, ಸ್ವಲ್ಪ ಹೆಚ್ಚು ಭಾರ, ಹೆಚ್ಚು ವೇಗ. ಚೈನ್ ಒರೆಸಿ ಎಣ್ಣೆ ಹಾಕಿ, ಹೆಚ್ಚಿನ ಎಣ್ಣೆ ಒರೆಸಿ ತೆಗೆಯಿರಿ. ಹೊಸ ಚೈನಿನ 24 ಪಿನ್ ಅಂತರ ಸರಿಯಾಗಿ 12 ಇಂಚು. ಸ್ಕೇಲ್ ಇಟ್ಟಾಗ ಅದು ಹದಿನಾರನೇ ಒಂದು ಇಂಚು ಮೀರಿದ್ದರೆ ಚೈನ್ ಬದಲಿಸುವ ಹೊತ್ತಾಗಿದೆ. ಬ್ರೇಕ್ ಪ್ಯಾಡ್ 1 ಮಿಲಿಮೀಟರ್ ಮುಟ್ಟುವ ಮೊದಲೇ ಹೊಸದು ಹಾಕಿ. ಡಿಸ್ಕಿನ ಮೇಲೆ ಎಣ್ಣೆ ಸ್ಪ್ರೇ ಬೀಳದಿರಲಿ. ಮೋಟರಿನ ಭಾರಕ್ಕೆ ಹಿಂದಿನ ಸ್ಪೋಕ್‌ಗಳು ಬೇಗ ಸಡಿಲವಾಗುತ್ತವೆ. ಚಕ್ರ ತಿರುಗಿಸುತ್ತಾ ಬೆರಳಿನಿಂದ ಒಂದೊಂದೇ ಮೀಟಿ. ಮಂಕು ಸದ್ದು ಬಂದ ಕಡೆ ಸಡಿಲ. ಬಿಗಿ ಮಾಡದೆ ಬಿಟ್ಟರೆ ಪಕ್ಕದ್ದು ಮುರಿಯುತ್ತದೆ.

ಹಿಂದಿನ ಚಕ್ರ ಪಂಕ್ಚರ್ ಆದರೆ ಬಹಳ ಅಂಗಡಿಯವರು ಮೋಟರ್ ಕಂಡು ಹಿಂಜರಿಯುತ್ತಾರೆ. ಚಕ್ರ ಬಿಚ್ಚಲೇಬೇಕಿಲ್ಲ. ಮೊಳೆ ಚುಚ್ಚಿದ ಜಾಗ ಗುರುತು ಮಾಡಿ, ಅಷ್ಟೇ ಭಾಗದ ಟೈರ್ ಒಂದು ಬದಿ ಎಬ್ಬಿಸಿ, ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕಬಹುದು. ಬಿಚ್ಚಲೇಬೇಕಾಗಿ ಬಂದರೆ ವಾಷರ್‌ಗಳ ಕ್ರಮದ ಫೋಟೋ ತೆಗೆಯಿರಿ. ಕೊಕ್ಕೆ ಇರುವ ಟಾರ್ಕ್ ವಾಷರ್ (ಆಕ್ಸಲ್ ತಿರುಗದಂತೆ ತಡೆಯುವುದು) ಫ್ರೇಮಿನ ಸೀಳಿನೊಳಗೆ ಕೂರಲೇಬೇಕು. ಆಕ್ಸಲ್ ನಟ್ 35-40 ನ್ಯೂಟನ್ ಮೀಟರ್, ಟಾರ್ಕ್ ರೆಂಚ್ ಇಲ್ಲದಿದ್ದರೆ ಉದ್ದ ಸ್ಪ್ಯಾನರಿನಲ್ಲಿ ಗಟ್ಟಿಯಾಗಿ. ಇದು ಸಡಿಲವಿದ್ದರೆ ಮೋಟರ್ ಚಕ್ರದ ಬದಲು ಆಕ್ಸಲನ್ನೇ ತಿರುಗಿಸಿ ಕೇಬಲ್ ಕಿತ್ತುಹಾಕುತ್ತದೆ.

ಅಂಗಡಿಗೆ ಹೋಗುವಾಗ

ಕಂಟ್ರೋಲರ್ ಮತ್ತು ಮೋಟರಿನೊಳಗಿನ ಕೆಲಸ, ಬ್ಯಾಟರಿ ಪ್ಯಾಕ್ ತೆರೆಯುವ ಕೆಲಸ ಮನೆಯದ್ದಲ್ಲ. ಹೋಗುವಾಗ ಬ್ಯಾಟರಿ ವೋಲ್ಟೇಜ್, ಚಾರ್ಜರ್ ವೋಲ್ಟೇಜ್, ಬ್ರೇಕ್ ಬಿಡಿಸಿ ನೋಡಿದ್ದು, ಚಕ್ರ ಹಿಂದಕ್ಕೆ ತಿರುಗಿಸಿ ನೋಡಿದ್ದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. ಸ್ಪೀಡ್ ಲಾಕ್ ತೆಗೆದುಕೊಡುತ್ತೇವೆ ಎಂದರೆ ಬೇಡ ಎನ್ನಿ. 250 ವ್ಯಾಟ್, 25 ಕಿಲೋಮೀಟರ್ ವೇಗದ ಮಿತಿಯೊಳಗಿದ್ದರೆ ಮಾತ್ರ ರಿಜಿಸ್ಟ್ರೇಷನ್ ವಿನಾಯಿತಿ. ಬ್ಯಾಟರಿ ನಿಜಕ್ಕೂ ಮುಗಿದಿದ್ದರೆ ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಟರ್ಮಿನಲ್‌ಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಹೊಸದು ಕೊಳ್ಳುವಾಗ ಹಳೆಯದನ್ನು ಅಲ್ಲೇ ಕೊಟ್ಟು ರಸೀದಿ ಕೇಳಿ.